ಗಾಳಿ ಮೊದಲು, ಗ್ರಾಂ ಆಮೇಲೆ: ನಮ್ಮ ಬಿಸಿಲಿಗೆ ಒಬ್ಬರ ಹಗುರ ಟೆಂಟ್ ಆರಿಸುವುದು ಹೇಗೆ

ಮೇ ತಿಂಗಳ ರಾತ್ರಿ ಹತ್ತು ಗಂಟೆಗೆ ಕಲಬುರಗಿಯ ನಮ್ಮ ಮನೆ ಮಾಳಿಗೆ ಮೇಲೆ ಅಂಗೈ ಇಟ್ಟರೆ ಶಹಾಬಾದ್ ಕಲ್ಲು ಇನ್ನೂ ಬೆಚ್ಚಗಿರುತ್ತದೆ. ಎರಡು ಬಕೆಟ್ ನೀರು ಚೆಲ್ಲಿ, ಸ್ವಲ್ಪ ಹೊತ್ತು ಬಿಟ್ಟು ಹಾಸಿಗೆ ಹಾಸಬೇಕು. ಹೊಸ ಟೆಂಟ್ ತಂದಾಗಲೆಲ್ಲ ಮೊದಲ ರಾತ್ರಿ ನಾನು ಮಲಗುವುದು ಇಲ್ಲೇ. ಇಲ್ಲಿ ನಿದ್ದೆ ಬಂದರೆ ಆ ಟೆಂಟ್ ನಮ್ಮ ಕಡೆಗೆ ಆಗುತ್ತದೆ. ಬರದಿದ್ದರೆ, ಅದು ಎಷ್ಟೇ ಹಗುರ ಇರಲಿ, ವಾಪಸ್ ಕಳಿಸುತ್ತೇನೆ.

ಒಬ್ಬರ ಹಗುರ ಟೆಂಟ್ ಬಗ್ಗೆ ಸಿಗುವ ಸಲಹೆಗಳಲ್ಲಿ ಜಾಸ್ತಿ ಪಾಲು ಚಳಿ ದೇಶದವರು ಬರೆದದ್ದು. ಅವರ ಬೇಸಿಗೆ ರಾತ್ರಿಗೂ ಒಂದು ಹೊದಿಕೆ ಬೇಕು. ನಮ್ಮ ಬೇಸಿಗೆ ಅಂದರೆ ಹಗಲು 40 ಡಿಗ್ರಿ ದಾಟುವ ಬಿಸಿಲು, ನಡುರಾತ್ರಿಯಾದರೂ ಆರದ ಸೆಕೆ, ನಡುನಡುವೆ ಸಂಜೆ ದಿಢೀರ್ ಅಂತ ಏಳುವ ಬಿರುಗಾಳಿ. ಹಾಗಾಗಿ ಆರಿಸುವ ಕ್ರಮವೂ ಬೇರೆ ಇರಬೇಕು. ಮೊದಲು ಗಾಳಿ ಆಡುತ್ತದೋ ನೋಡಿ. ಆಮೇಲೆ ಒಂದು ಬಿರುಗಾಳಿ ತಡೆಯುತ್ತದೋ ನೋಡಿ. ತೂಕದ ಲೆಕ್ಕ ಮೂರನೆಯದು.

ಹಾಗಂತ ತೂಕ ಸಣ್ಣ ವಿಷಯ ಅಲ್ಲ. ಬೇಸಿಗೆಯಲ್ಲಿ ನಮ್ಮ ಹಳ್ಳಗಳು ಬತ್ತಿರುತ್ತವೆ, ನೀರನ್ನು ಬೆನ್ನ ಮೇಲೆ ಹೊರಬೇಕು. ಒಂದು ಲೀಟರ್ ಅಂದರೆ ಒಂದು ಕಿಲೋ. ನನ್ನ ಮೊದಲ ಟೆಂಟ್ 2.4 ಕಿಲೋ ಇತ್ತು. ಈಗಿನದು ಗೂಟ, ಹಗ್ಗ, ಚೀಲ ಎಲ್ಲ ಸೇರಿ 900 ಗ್ರಾಂ. ಉಳಿದ ಒಂದೂವರೆ ಕಿಲೋಗೆ ಬದಲಾಗಿ ಒಂದೂವರೆ ಲೀಟರ್ ನೀರು ಜಾಸ್ತಿ ಹೊರುತ್ತೇನೆ. ಏಪ್ರಿಲ್‌ ಮಧ್ಯಾಹ್ನ ಆ ಒಂದೂವರೆ ಲೀಟರ್‌ನ ಬೆಲೆ ಏನು ಅಂತ ನಡೆದವರಿಗೆ ಗೊತ್ತು.

ಮೊದಲು ಜಾಗ, ತಿಂಗಳು ಗೊತ್ತುಮಾಡಿಕೊಳ್ಳಿ

ಎಲ್ಲ ಕಡೆಗೂ ಆಗುವ ಟೆಂಟ್ ಇಲ್ಲ. ಮುಂದಿನ ಎರಡು ಬೇಸಿಗೆಯಲ್ಲಿ ನೀವು ಎಲ್ಲೆಲ್ಲಿ ಮಲಗುತ್ತೀರಿ, ಒಂದು ಚೀಟಿ ಮೇಲೆ ಬರೆಯಿರಿ. ಆಸೆಪಟ್ಟ ಜಾಗ ಬೇಡ, ಖಂಡಿತ ಹೋಗುವ ಜಾಗ ಬರೆಯಿರಿ.

ನಮ್ಮ ಕಡೆಯವರ ಚೀಟಿಯಲ್ಲಿ ಸಾಮಾನ್ಯವಾಗಿ ಮೂರು ಬಗೆ ಬರುತ್ತವೆ. ಒಂದು, ಇಲ್ಲೇ ಸುತ್ತಮುತ್ತ: ಚಿಂಚೋಳಿ ಕಡೆಯ ಕಾಡಂಚು, ಶಹಾಪುರ ಸುರಪುರದ ಬಂಡೆಗುಡ್ಡಗಳು, ಬೀದರಿನ ಕೆಂಪು ನೆಲ. ಎರಡು, ಯುಗಾದಿ ಹೊತ್ತಿಗೆ ಶ್ರೀಶೈಲಕ್ಕೆ ಹೊರಡುವ ಪಾದಯಾತ್ರೆ. ಮೂರು, ಮೇ ರಜೆಯಲ್ಲಿ ಹಿಮಾಚಲವೋ ಉತ್ತರಾಖಂಡವೋ. ಕರ್ನಾಟಕ ಎಕ್ಸ್‌ಪ್ರೆಸ್ ಕಲಬುರಗಿ ಮೇಲೇ ದೆಹಲಿಗೆ ಹೋಗುವುದರಿಂದ ಈ ಮೂರನೆಯದು ನಮಗೆ ದೂರ ಅನಿಸುವುದಿಲ್ಲ.

ಮೂರಕ್ಕೂ ಬೇಕಾದದ್ದು ಬೇರೆ. ಪಾದಯಾತ್ರೆಯಲ್ಲಿ ರಾತ್ರಿ ಸಿಗುವುದು ಗುಡಿಯ ಅಂಗಳ, ಶಾಲೆಯ ಪಡಸಾಲೆ, ಇಲ್ಲವೇ ದಾಸೋಹದ ಪೆಂಡಾಲ್. ಅಲ್ಲಿ ಮಳೆಗಿಂತ ಸೊಳ್ಳೆ ಕಾಟ ಜಾಸ್ತಿ, ನೆಲಕ್ಕೆ ಗೂಟ ಇಳಿಯುವುದಿಲ್ಲ. ಗೂಟವಿಲ್ಲದೆ ತಾನೇ ನಿಲ್ಲುವ ಒಳಪದರ, ಅಂದರೆ ಟೆಂಟಿನ ಒಳಗಿನ ಜಾಲರಿ ಗೂಡು, ಸಾಕು. ಹಿಮಾಲಯದಲ್ಲಿ ಮೂರೂವರೆ ಸಾವಿರ ಮೀಟರ್ ಎತ್ತರಕ್ಕೆ ಹೋದರೆ ಮೇ ತಿಂಗಳಲ್ಲೂ ರಾತ್ರಿ ನಡುಕ ಬರುತ್ತದೆ. ಅಲ್ಲಿ ಬರೀ ಜಾಲರಿ ಇದ್ದರೆ ಗಾಳಿ ನೇರ ಮೈಗೆ ಹೊಡೆಯುತ್ತದೆ. ಒಳಪದರದ ಕೆಳ ಅರ್ಧ ಬಟ್ಟೆ ಇರುವುದು ಅಲ್ಲಿಗೆ ಒಳ್ಳೆಯದು. ಮುಂದೆ ಬರೆಯುವುದೆಲ್ಲ ಜಾಸ್ತಿ ಮಟ್ಟಿಗೆ ಮೊದಲ ಬಗೆಗೆ, ಅಂದರೆ ನಮ್ಮ ಮೂರು ಜಿಲ್ಲೆಗಳ ನೆಲಕ್ಕೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಚಿಂಚೋಳಿ ಕಾಡು 2011ರಿಂದ ವನ್ಯಜೀವಿ ಧಾಮ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಒಳಗೆ ಟೆಂಟ್ ಹಾಕುವಂತಿಲ್ಲ. ಬೀದರ್, ಕಲಬುರಗಿ ಕೋಟೆಯೊಳಗೆ ರಾತ್ರಿ ಉಳಿಯುವುದೂ ಬೇಡ. ನಾನು ಸಾಮಾನ್ಯವಾಗಿ ಮಲಗುವುದು ನೆಂಟರ, ಗೆಳೆಯರ ಹೊಲದಲ್ಲಿ. ಪರಿಚಯ ಇಲ್ಲದ ಊರಾದರೆ ಹೊಲದವರನ್ನು ಹುಡುಕಿ ಕೇಳಿ. "ಇಲ್ಲೇ ಗುಡಿ ಹತ್ರ ಹಾಕ್ರಿ, ಅಲ್ಲಿ ಹಾವು ಜಾಸ್ತಿ" ಅಂತ ಅವರೇ ಹೇಳುತ್ತಾರೆ. ಆ ಒಂದು ಮಾತು ಯಾವ ನಕ್ಷೆಯಲ್ಲೂ ಸಿಗುವುದಿಲ್ಲ.

ಒಂದು ಪದರವೋ, ಎರಡು ಪದರವೋ

ನಮ್ಮ ಕಡೆಗೆ ಇದೇ ದೊಡ್ಡ ತೀರ್ಮಾನ. ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ.

ಒಂದು ಪದರದ ಟೆಂಟ್‌ನಲ್ಲಿ ಮಳೆ ತಡೆಯುವ ಬಟ್ಟೆಯೇ ಗೋಡೆ, ಅದೇ ಛಾವಣಿ. ಎರಡು ಪದರದ್ದರಲ್ಲಿ ಒಳಗೆ ಜಾಲರಿಯ ಗೂಡು, ಅದರ ಮೇಲೆ ಮಳೆ ತಡೆಯುವ ಇನ್ನೊಂದು ಹೊದಿಕೆ. ಒಂದು ಪದರದ್ದು ಸಾಮಾನ್ಯವಾಗಿ 100ರಿಂದ 200 ಗ್ರಾಂ ಹಗುರ. ಅದರ ಮೇಲಿರುವ ದೂರು ಅಂದರೆ ಉಸಿರಿನ ಆವಿ ಒಳಗೋಡೆಯಲ್ಲಿ ಹನಿಯಾಗಿ ನಿಲ್ಲುತ್ತದೆ ಅನ್ನುವುದು. ನಮ್ಮ ಏಪ್ರಿಲ್ ಗಾಳಿ ಎಷ್ಟು ಒಣ ಅಂದರೆ ಆ ತೊಂದರೆ ಇಲ್ಲಿ ಅಷ್ಟಾಗಿ ಕಾಡುವುದಿಲ್ಲ. ಕೆರೆ ದಂಡೆ, ಜಲಾಶಯದ ದಂಡೆಯಲ್ಲಿ ಮಾತ್ರ ಸ್ವಲ್ಪ ಕಾಣುತ್ತದೆ. ಹಾಗಾದರೆ ಹಗುರ ಇರುವ ಒಂದು ಪದರದ್ದನ್ನೇ ಕೊಳ್ಳಬಹುದಲ್ವಾ?

ಬೇಡ ಅನ್ನುತ್ತೇನೆ. ಕಾರಣ ಹನಿಯಲ್ಲ, ಸೆಕೆ. ಒಂದು ಪದರದ ಟೆಂಟ್‌ನ ಛಾವಣಿ ತೆಗೆದಿಡಲು ಆಗುವುದಿಲ್ಲ. ಎರಡು ಪದರದ್ದರಲ್ಲಿ ಮಳೆ ಇಲ್ಲದ ರಾತ್ರಿ ಮೇಲ್ಪದರ ಬಿಚ್ಚಿ ಪಕ್ಕಕ್ಕಿಟ್ಟರೆ ಉಳಿಯುವುದು ಜಾಲರಿ ಮಾತ್ರ. ಆಕಾಶ ಕಾಣುತ್ತದೆ, ನಾಲ್ಕೂ ಕಡೆಯಿಂದ ಗಾಳಿ ಬರುತ್ತದೆ, ಸೊಳ್ಳೆ, ಚೇಳು, ಹುಳುಹುಪ್ಪಟೆ ಹೊರಗೇ ಉಳಿಯುತ್ತವೆ.

ಮೊದಲ ಸಲ ಜಾಲರಿ ಟೆಂಟ್ ಮಾಳಿಗೆ ಮೇಲೆ ಹಾಕಿದಾಗ ಅವ್ವ ಮೆಟ್ಟಿಲು ಹತ್ತಿ ಬಂದು ಕೈಯಲ್ಲಿ ಮುಟ್ಟಿ ನೋಡಿದಳು. "ಇದು ಸೊಳ್ಳಿ ಪರದಿನೇ ಅಲ್ಲೇನೋ ಯಪ್ಪಾ" ಅಂದಳು. ಹೌದು, ಅದೇ. ನಮ್ಮ ಬೇಸಿಗೆಗೆ ಬೇಕಾದ ಟೆಂಟ್ ಅಂದರೆ ತಳ ಇರುವ ಸೊಳ್ಳೆ ಪರದೆ, ಜೊತೆಗೆ ಬೇಕಾದಾಗ ಮಾತ್ರ ಹೊದಿಸುವ ಒಂದು ಛಾವಣಿ. ಅಂಗಡಿಯಲ್ಲಿ ಟೆಂಟ್ ನೋಡುವಾಗ ಈ ಮಾತು ನೆನಪಿಟ್ಟುಕೊಂಡರೆ ಅರ್ಧ ಕೆಲಸ ಮುಗಿಯಿತು.

ಆದ್ದರಿಂದ ಕೊಳ್ಳುವ ಮುಂಚೆ ಈ ಪ್ರಶ್ನೆ ಕೇಳಿ: ಒಳಪದರವನ್ನು ಮೇಲ್ಪದರ ಇಲ್ಲದೆ ಒಂದೇ ನಿಲ್ಲಿಸಲು ಬರುತ್ತದಾ? ಕೆಲವು ಟೆಂಟ್‌ಗಳಲ್ಲಿ ಒಳಗೂಡು ಮೇಲ್ಪದರಕ್ಕೆ ನೇತುಬಿದ್ದಿರುತ್ತದೆ. ಮಳೆಯಲ್ಲಿ ಹಾಕುವಾಗ ಅದು ಅನುಕೂಲ, ಯಾಕೆಂದರೆ ಮೊದಲು ಛಾವಣಿ ಎದ್ದು ಒಳಗೆ ಒಣದಾಗಿರುತ್ತದೆ. ಆದರೆ ಸೆಕೆ ರಾತ್ರಿ ಛಾವಣಿ ತೆಗೆಯಲು ಹೋದರೆ ಗೂಡೂ ಬಿದ್ದುಹೋಗುತ್ತದೆ. ಅಂಥದ್ದಾದರೆ ಮೇಲ್ಪದರದ ಎರಡೂ ಪಕ್ಕದ ಬಾಗಿಲನ್ನು ಸುರುಳಿ ಸುತ್ತಿ ಕಟ್ಟಲು ಬರಬೇಕು. ಕಾಲ ಕಡೆಯೋ ತಲೆ ಕಡೆಯೋ ಒಂದೇ ಬಾಗಿಲಿರುವ ಕೊಳವೆಯಂಥ ಟೆಂಟ್ ತೂಕದಲ್ಲಿ ಗೆಲ್ಲುತ್ತದೆ. ನಮ್ಮಲ್ಲಿ ಅದು ಕುಲುಮೆ.

ಇನ್ನೊಂದು, ನೆತ್ತಿಯ ಕಿಂಡಿ. ನಮ್ಮ ಹಳೆ ಮಣ್ಣಿನ ಮಾಳಿಗೆ ಮನೆಗಳಲ್ಲಿ ಬೆಳಕಿಂಡಿ ಇರುತ್ತದಲ್ಲ, ಬಿಸಿ ಗಾಳಿ ಮೇಲೇರಿ ಅಲ್ಲಿಂದ ಹೊರಟುಹೋಗುತ್ತದೆ, ಬಾಗಿಲಿನಿಂದ ತಂಪು ಗಾಳಿ ಬರುತ್ತದೆ. ಟೆಂಟಿಗೂ ಅದೇ ಲೆಕ್ಕ. ಮಳೆಗೆ ಮೇಲ್ಪದರ ಮುಚ್ಚಿದಾಗಲೂ ಮೇಲೊಂದು ಕಿಂಡಿ ತೆರೆದಿರಬೇಕು, ಕೆಳಗೆ ನೆಲದಿಂದ ಒಂದು ಗೇಣು ಸಂದು ಇರಬೇಕು. ಎರಡರಲ್ಲಿ ಒಂದೇ ಇದ್ದರೆ ಗಾಳಿ ಆಡುವುದಿಲ್ಲ.

ಬಣ್ಣವೂ ಲೆಕ್ಕಕ್ಕೆ ಬರುತ್ತದೆ. ಕಡು ಹಸಿರು, ಕಡು ನೀಲಿ ಬಿಸಿಲನ್ನು ಹೀರುತ್ತವೆ. ಬಿಳಿ, ತಿಳಿ ಬೂದು ಕಡಿಮೆ ಹೀರುತ್ತವೆ. ರಾತ್ರಿ ವ್ಯತ್ಯಾಸ ಇಲ್ಲ, ಬೆಳಗ್ಗೆ ಏಳೂವರೆಗೆ ಗೊತ್ತಾಗುತ್ತದೆ.

ಕಂಬ ಯಾವುದು

ಹಗುರ ಟೆಂಟ್‌ಗಳಲ್ಲಿ ದೊಡ್ಡ ಉಳಿತಾಯ ಬರುವುದು ಕಂಬ ಬಿಡುವುದರಿಂದ. ನಡೆಯುವಾಗ ಹಿಡಿದ ಟ್ರೆಕ್ಕಿಂಗ್ ಪೋಲ್ ಅನ್ನೇ ರಾತ್ರಿ ಕಂಬ ಮಾಡುವ ಟೆಂಟ್‌ಗಳು ಎರಡು ಪದರದ್ದಾದರೂ ಸುಮಾರು 700ರಿಂದ 950 ಗ್ರಾಂ ಒಳಗೆ ಸಿಗುತ್ತವೆ. ತನ್ನದೇ ಅಲ್ಯೂಮಿನಿಯಂ ಕಂಬಗಳ ಮೇಲೆ ನಿಲ್ಲುವ ಟೆಂಟ್ ಒಂದು ಕಿಲೋ ದಾಟಿ ಒಂದೂವರೆವರೆಗೆ ಹೋಗುತ್ತದೆ. ನೀವು ಹೇಗೂ ಕೋಲು ಹಿಡಿದು ನಡೆಯುವವರಾದರೆ ಮೊದಲನೆಯದು ಕೊಳ್ಳಿ. ಕೋಲಿನ ಅಭ್ಯಾಸ ಇಲ್ಲದವರು ಟೆಂಟಿಗೋಸ್ಕರ ಕೋಲು ಕೊಂಡರೆ ಉಳಿದ ತೂಕ ಅಲ್ಲಿಗೆ ಹೋಗುತ್ತದೆ.

ಕೋಲಿನ ಉದ್ದ ಅಳೆಯಿರಿ. ಇಂಥ ಟೆಂಟ್‌ಗಳು ಸಾಮಾನ್ಯವಾಗಿ 115ರಿಂದ 125 ಸೆಂಟಿಮೀಟರ್ ಕೇಳುತ್ತವೆ. ಮೂರು ಮಡಿಕೆಯಾಗಿ ಮಡಚುವ, ಉದ್ದ ಬದಲಿಸಲಾಗದ ಕೋಲುಗಳು ಕೆಲವು ಸಲ ಐದು ಸೆಂಟಿಮೀಟರ್ ಗಿಡ್ಡ ಆಗಿಬಿಡುತ್ತವೆ, ಟೆಂಟ್ ಜೋತುಬೀಳುತ್ತದೆ.

ಕೋಲಿನ ಟೆಂಟ್‌ನ ಒಂದು ಕೊರತೆ ನಮ್ಮ ನೆಲದಲ್ಲಿ ಎದ್ದು ಕಾಣುತ್ತದೆ. ಅದು ಗೂಟಗಳ ಮೇಲೇ ನಿಂತಿರುತ್ತದೆ. ಗೂಟ ಕಿತ್ತರೆ ಟೆಂಟ್ ಇಲ್ಲ. ಶಹಾಪುರದ ಬಂಡೆ ಮೇಲೆ, ಬೀದರಿನ ಜಂಬಿಟ್ಟಿಗೆ ಕಲ್ಲಿನ ಮೇಲೆ ಜಾಸ್ತಿ ಮಲಗುವವರು, ಪಾದಯಾತ್ರೆಗೆ ಹೋಗುವವರು 300 ಗ್ರಾಂ ಜಾಸ್ತಿಯಾದರೂ ತಾನೇ ನಿಲ್ಲುವ ಟೆಂಟ್ ಕೊಳ್ಳುವುದು ವಾಸಿ. ನಾನು ಹೊಲ, ಗುಡ್ಡದ ಬುಡದಲ್ಲಿ ಮಲಗುವವನು, ಕೋಲಿನದ್ದೇ ಇಟ್ಟುಕೊಂಡಿದ್ದೇನೆ.

ಚಾಕ್‌ಪೀಸ್ ತೆಗೆದುಕೊಂಡು ಮಾಳಿಗೆಗೆ ಹೋಗಿ

ಅಳತೆ ಓದಿ ಅಂದಾಜು ಮಾಡಬೇಡಿ. ತಯಾರಕರು ಕೊಟ್ಟ ಉದ್ದ ಅಗಲವನ್ನು ಚಾಕ್‌ಪೀಸ್‌ನಿಂದ ನೆಲದ ಮೇಲೆ ಬರೆದು ಅದರೊಳಗೆ ಮಲಗಿ ನೋಡಿ. ಒಬ್ಬರ ಟೆಂಟ್‌ನ ತಳ ಸುಮಾರು 215ರಿಂದ 225 ಸೆಂಟಿಮೀಟರ್ ಉದ್ದ, 70ರಿಂದ 90 ಅಗಲ ಇರುತ್ತದೆ. ನಿಮ್ಮ ಎತ್ತರಕ್ಕಿಂತ ಕನಿಷ್ಠ 30 ಸೆಂಟಿಮೀಟರ್ ಉದ್ದ ಜಾಸ್ತಿ ಇರಲಿ. ಗೋಡೆ ಓರೆಯಾಗಿ ಇಳಿಯುವುದರಿಂದ ತಲೆ ಕಾಲು ಎರಡೂ ಕಡೆ ಜಾಗ ತಿನ್ನುತ್ತದೆ. ಕೆಲವು ಟೆಂಟ್‌ಗಳ ತಳ ತಲೆ ಕಡೆ ಅಗಲ, ಕಾಲ ಕಡೆ ಕಿರಿದು. ಎರಡೂ ಅಳತೆ ಬರೆಯಿರಿ.

ಚಳಿಯಲ್ಲಾದರೆ ಗೋಡೆ ಹತ್ತಿರ ಇದ್ದರೆ ಬೆಚ್ಚಗಿರುತ್ತದೆ. ಸೆಕೆಯಲ್ಲಿ ಕೈಕಾಲು ಚಾಚಿ ಮಲಗಬೇಕು, ಬಟ್ಟೆ ಮೈಗೆ ತಾಗಬಾರದು. ಹಾಗಾಗಿ ನಮಗೆ 70 ಸಾಲದು, 80 ಸೆಂಟಿಮೀಟರ್ ಮೇಲೆ ಇರಲಿ. ಹತ್ತು ಸೆಂಟಿಮೀಟರ್ ಅಗಲಕ್ಕೆ ತೀರಾ ಸ್ವಲ್ಪ ತೂಕ ಏರುತ್ತದೆ, ನಿದ್ದೆ ತುಂಬಾ ಸುಧಾರಿಸುತ್ತದೆ. ಎದ್ದು ಕೂತಾಗ ತಲೆ ತಾಗಬಾರದು. ಕೂತ ಎತ್ತರ ಅಳೆದು ಅದಕ್ಕೆ ಒಂದು ಮುಷ್ಟಿ ಸೇರಿಸಿ.

ಬಟ್ಟೆಯ ಚೀಟಿ ಓದುವುದು

ಚೀಟಿಯ ಮೇಲೆ 10ಡಿ, 15ಡಿ, 20ಡಿ ಅಂತ ಬರೆದಿರುತ್ತಾರೆ. ಡಿ ಅಂದರೆ ಡೆನಿಯರ್. 9,000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೋ ಅದು ಅದರ ಡೆನಿಯರ್. ಅಂಕಿ ಸಣ್ಣದಾದಷ್ಟೂ ನೂಲು ತೆಳು, ಬಟ್ಟೆ ಹಗುರ, ಹರಿಯುವ ಭಯವೂ ಜಾಸ್ತಿ. ನಮ್ಮ ಜಾಲಿ ಮುಳ್ಳಿನ ನೆಲಕ್ಕೆ ತಳ 20ಡಿ ಗಿಂತ ತೆಳು ಬೇಡ. ಛಾವಣಿ 15ಡಿ ಇದ್ದರೂ ನಡೆಯುತ್ತದೆ.

ನೈಲಾನ್ ಗಟ್ಟಿ, ಆದರೆ ನೀರು ಕುಡಿದು ಹಿಗ್ಗುತ್ತದೆ. ರಾತ್ರಿ ಬಿಗಿಯಾಗಿ ಕಟ್ಟಿದ್ದು ಮಳೆ ಬಂದ ಮೇಲೆ ಜೋಲುತ್ತದೆ. ಬಿಸಿಲಿಗೂ ಬೇಗ ಸೋಲುತ್ತದೆ. ಪಾಲಿಯೆಸ್ಟರ್ ಅಷ್ಟು ಹಿಗ್ಗುವುದಿಲ್ಲ, ಬಿಸಿಲು ಚೆನ್ನಾಗಿ ತಡೆಯುತ್ತದೆ. ಅದೇ ದಪ್ಪದಲ್ಲಿ ನೈಲಾನ್‌ಗಿಂತ ಸ್ವಲ್ಪ ಬೇಗ ಹರಿಯಬಹುದು. ಕಲಬುರಗಿ ಬಿಸಿಲಿಗೆ ನನ್ನ ಮತ ಸಿಲಿಕೋನ್ ಲೇಪಿಸಿದ ಪಾಲಿಯೆಸ್ಟರ್‌ಗೆ. ಡೈನೀಮಾ ಅಂತ ಇನ್ನೊಂದು ಬರುತ್ತದೆ. ಗಟ್ಟಿ ನೂಲನ್ನು ಎರಡು ತೆಳು ಹಾಳೆ ನಡುವೆ ಅಂಟಿಸಿದ್ದು. ಅರ್ಧ ಕಿಲೋ ಆಸುಪಾಸಿನ ಟೆಂಟ್‌ಗಳು ಇದರಲ್ಲೇ ಆಗುವುದು. ಬೆಲೆ ಹಲವು ಪಟ್ಟು, ಹೊರದೇಶದಿಂದ ತರಿಸಿದರೆ ಸುಂಕ ಬೇರೆ. ಮೊದಲ ಟೆಂಟಿಗೆ ಬೇಡ.

ನೀರು ತಡೆಯುವ ಶಕ್ತಿಯನ್ನು ಮಿಲಿಮೀಟರ್‌ನಲ್ಲಿ ಬರೆಯುತ್ತಾರೆ. ಬಟ್ಟೆಯ ಮೇಲೆ ಎಷ್ಟು ಎತ್ತರದ ನೀರಿನ ಕಂಬ ನಿಲ್ಲಿಸಿದರೆ ಸೋರಲು ಶುರುವಾಗುತ್ತದೋ ಅದು ಆ ಅಂಕಿ. ನಮ್ಮ ಬೇಸಿಗೆಯ ಅರ್ಧ ಗಂಟೆಯ ಜೋರು ಮಳೆಗೆ ಛಾವಣಿ 1,500 ಮಿ.ಮೀ. ಇದ್ದರೆ ಸಾಕು. ತಳಕ್ಕೆ ಜಾಸ್ತಿ ಬೇಕು, ನಿಮ್ಮ ಮೊಣಕೈ, ಮೊಣಕಾಲಿನ ಭಾರ ಒಂದೇ ಕಡೆ ಒತ್ತುತ್ತದೆ. 2,000 ಮೇಲೆ ನೋಡಿ. ತಳದ ಅಂಚು ಪರಾತದ ಹಾಗೆ ಒಂದು ಗೇಣು ಮೇಲೆದ್ದಿರಲಿ. ಎರೆ ನೆಲಕ್ಕೆ ಬಿದ್ದ ಮಳೆ ಕೆಸರು ಎರಚಿಕೊಂಡೇ ಬರುತ್ತದೆ.

ಹೊಲಿಗೆ ನೋಡುವುದನ್ನು ಮರೆಯಬೇಡಿ. ಎರಡೂ ಕಡೆ ಸಿಲಿಕೋನ್ ಲೇಪಿಸಿದ ಬಟ್ಟೆಗೆ ಟೇಪ್ ಅಂಟುವುದಿಲ್ಲ. ಅಂಥ ಟೆಂಟ್‌ಗಳು ಕೆಲವು ಸಲ ಹೊಲಿಗೆ ಮುಚ್ಚದೆಯೇ ಬರುತ್ತವೆ, ಸಿಲಿಕೋನ್ ದ್ರಾವಣ ನೀವೇ ಹಚ್ಚಬೇಕು. ಅರ್ಧ ದಿನದ ಕೆಲಸ. ಹಚ್ಚಿ ಒಂದು ದಿನ ಒಣಗಲು ಬಿಡಿ.

ಗೂಟ: ಇಲ್ಲೇ ನಾನು ಪೆಟ್ಟು ತಿಂದದ್ದು

ಒಂದು ಏಪ್ರಿಲ್ ಕೊನೆಗೆ ಚಿಂಚೋಳಿ ಕಡೆ ನೆಂಟರ ತೊಗರಿ ಹೊಲದಲ್ಲಿ ಮಲಗಿದ್ದೆ. ರಾಶಿ ಮುಗಿದು ತಿಂಗಳುಗಳಾಗಿ ಹೊಲ ಬರಿದಾಗಿತ್ತು. ಟೆಂಟ್ ಜೊತೆ ಬಂದ ತಂತಿ ಗೂಟಗಳನ್ನೇ ಚುಚ್ಚಿದ್ದೆ. ಬೇಸಿಗೆಯಲ್ಲಿ ಎರೆ ನೆಲ ಅಂಗೈ ಅಗಲ ಬಿರುಕು ಬಿಟ್ಟಿರುತ್ತದೆ. ಮೇಲೆ ಎರಡು ಬೆರಳು ಹುಡಿ, ಕೆಳಗೆ ಇಟ್ಟಿಗೆಯಂಥ ಹೆಂಟೆ. ಗೂಟ ಸಲೀಸಾಗಿ ಇಳಿದದ್ದು ನೋಡಿ ಗಟ್ಟಿ ಕೂತಿದೆ ಅಂದುಕೊಂಡೆ. ಅದು ಇಳಿದದ್ದು ಬಿರುಕಿನ ಪಕ್ಕದ ಹುಡಿಗೆ. ರಾತ್ರಿ ಒಂದೂವರೆಗೆ ಮಣ್ಣಿನ ವಾಸನೆ ಬಂತು, ಅದರ ಹಿಂದೆಯೇ ಗಾಳಿ. ಮೂರು ಗೂಟ ಒಟ್ಟಿಗೆ ಕಿತ್ತವು. ಒದ್ದೆ ಬಟ್ಟೆ ಮುಖದ ಮೇಲೆ ಬಿತ್ತು, ಜಿಪ್ ಎಲ್ಲಿದೆ ಅಂತ ಕೈಗೆ ಸಿಗಲಿಲ್ಲ. ಹೊರಗೆ ಬಂದು ಹೊಲದ ಗುಡಿಸಲಿಗೆ ಓಡುವಷ್ಟರಲ್ಲಿ ಪೂರ್ತಿ ತೊಯ್ದಿದ್ದೆ. ಬೆಳಗ್ಗೆ ನೋಡಿದರೆ ತಳದಲ್ಲಿ ಕಡಲೆ ಗಾತ್ರದ ಎರಡು ತೂತು. ಕತ್ತರಿಸಿ ಉಳಿದ ತೊಗರಿ ಕೂಳೆ ಚುಚ್ಚಿತ್ತು.

ಆ ರಾತ್ರಿಯಿಂದ ಕಲಿತದ್ದನ್ನು ನೆಲವಾರು ಹೇಳುತ್ತೇನೆ.

ಎರೆ ಹೊಲದಲ್ಲಿ ತಂತಿ ಗೂಟ ನಂಬಬೇಡಿ. ಮೂರು ರೆಕ್ಕೆ ಇರುವ, ಒಂದು ಗೇಣಿನಷ್ಟು ಉದ್ದದ ಅಲ್ಯೂಮಿನಿಯಂ ಗೂಟ ನಾಲ್ಕು ಮೂಲೆಗೆ ಬೇಕು. ಒಂದೊಂದು 12ರಿಂದ 15 ಗ್ರಾಂ. ಮೇಲಿನ ಹುಡಿ ಕಾಲಲ್ಲಿ ಸರಿಸಿ, ಬಿರುಕಿನಿಂದ ಒಂದು ಮೊಳ ದೂರ, ಟೆಂಟಿನಿಂದ ಹೊರಕ್ಕೆ ವಾಲಿಸಿ ಹೊಡೆಯಿರಿ. ಸಾಧ್ಯವಾದರೆ ಹೊಲದ ನಡುವೆ ಬೇಡ, ಬದುವಿನ ಪಕ್ಕ ಹಾಕಿ. ಅಲ್ಲಿ ಹುಲ್ಲಿನ ಬೇರು ಮಣ್ಣನ್ನು ಹಿಡಿದಿರುತ್ತದೆ. ಹಾಸುವ ಮುಂಚೆ ನೆಲದ ಮೇಲೆ ಅಂಗೈಯಿಂದ ಸವರಿ ಕೂಳೆ, ಜಾಲಿ ಮುಳ್ಳು ಆರಿಸಿ. ಈ ಐದು ನಿಮಿಷಕ್ಕೆ ಅವಸರ ಮಾಡಬೇಡಿ. ತಳದ ಕೆಳಗೆ ತೆಳು ಪ್ಲಾಸ್ಟಿಕ್ ಹಾಳೆಯ ಹಾಸು ಇರಲಿ, ಟೆಂಟ್ ತಳಕ್ಕಿಂತ ಎಲ್ಲ ಕಡೆ ಎರಡು ಬೆರಳು ಸಣ್ಣದಾಗಿ ಕತ್ತರಿಸಿ. ಹೊರಗೆ ಚಾಚಿದರೆ ಮಳೆ ನೀರು ಅದರ ಮೇಲೆ ಹರಿದು ಕೆಳಗೇ ನಿಲ್ಲುತ್ತದೆ. ಮಾಮೂಲಿ ತಾಡಪತ್ರಿ ಇದಕ್ಕೆ ಭಾರ.

ಬೀದರಿನ ಕೆಂಪು ಕಲ್ಲು ನೆಲಕ್ಕೆ ಗೂಟ ಇಳಿಯುವುದಿಲ್ಲ, ಬಾಗುತ್ತದೆ. ಸಂದು ಸಿಕ್ಕ ಕಡೆ ಕಬ್ಬಿಣದ ದೊಡ್ಡ ಮೊಳೆ ಕೂರುತ್ತದೆ. ನಾಲ್ಕು ಮೊಳೆ ಜೊತೆಗಿರಲಿ. ಉಳಿದ ಕಡೆ ಕಲ್ಲೇ ಗತಿ.

ಶಹಾಪುರ, ಯಾದಗಿರಿ ಬಂಡೆ ಮೇಲೂ ಕಲ್ಲೇ. ಆದರೆ ಹಗ್ಗವನ್ನು ನೇರವಾಗಿ ಕಲ್ಲಿಗೆ ಸುತ್ತಬೇಡಿ, ರಾತ್ರಿಯಿಡೀ ಉಜ್ಜಿ ಕಡಿದುಹೋಗುತ್ತದೆ. ಹಗ್ಗದ ತುದಿಯಲ್ಲಿ ಉದ್ದ ಕುಣಿಕೆ ಮಾಡಿ, ಅದರೊಳಗೆ ಬೆರಳು ದಪ್ಪದ ಒಂದು ಕಡ್ಡಿ ತೂರಿಸಿ. ಕಡ್ಡಿಯನ್ನು ನೆಲಕ್ಕೆ ಅಡ್ಡ ಮಲಗಿಸಿ. ಅದರ ಮುಂದೆ, ಟೆಂಟ್ ಕಡೆಗೆ, ಎರಡು ಕೈಯಲ್ಲಿ ಎತ್ತುವಷ್ಟು ದೊಡ್ಡ ಕಲ್ಲನ್ನು ಕಡ್ಡಿಗೆ ತಾಗಿಸಿ ಇಡಿ. ಹಗ್ಗ ಎಳೆದಾಗ ಕಡ್ಡಿ ಕಲ್ಲಿಗೆ ಒತ್ತಿ ನಿಲ್ಲುತ್ತದೆ. ಕಲ್ಲು ಜರುಗುವವರೆಗೆ ಟೆಂಟ್ ಜರುಗುವುದಿಲ್ಲ. ಇದಕ್ಕೆ ಮೂಲೆಗೊಂದರಂತೆ ಒಂದೊಂದು ಮೀಟರ್ ಹೆಚ್ಚಿನ ಹಗ್ಗ ಬೇಕು, 2 ಮಿ.ಮೀ. ದಪ್ಪದ್ದು ಸಾಕು. ಅಂದಹಾಗೆ, ಬಂಡೆ ಹಗಲು ಕುಡಿದ ಬಿಸಿಲನ್ನು ರಾತ್ರಿ ಬಿಡುತ್ತದೆ. ಏಪ್ರಿಲ್, ಮೇನಲ್ಲಿ ಬಂಡೆಯ ಮೇಲೆ ಮಲಗುವುದಕ್ಕಿಂತ ಬುಡದ ಮಣ್ಣಲ್ಲಿ ಮಲಗುವುದು ತಂಪು.

ಗುಡುಗು ಕೇಳಿದ ಮೇಲೆ ಟೆಂಟ್ ಬಿಡಿ. ಯಾವ ಟೆಂಟೂ ಸಿಡಿಲಿನಿಂದ ಕಾಯುವುದಿಲ್ಲ. ಪಕ್ಕಾ ಮನೆಗೋ ಗಾಡಿಯೊಳಗೋ ಹೋಗಿ. ಗುಡ್ಡದ ನೆತ್ತಿ, ಒಂಟಿ ಮರದ ಬುಡ, ಬತ್ತಿದ ಹಳ್ಳದ ಮರಳು, ಈ ಮೂರು ಜಾಗ ಬೇಸಿಗೆಯಲ್ಲಿ ಬೇಡವೇ ಬೇಡ. ಅಶ್ವಿನಿ ಮಳೆ ಏಪ್ರಿಲ್ ನಡುವಿಗೇ ಶುರು, ಮೇ ಕೊನೆಗೆ ರೋಹಿಣಿ. ಬೇಸಿಗೆ ಅಂತ ಮಳೆಯನ್ನು ಲೆಕ್ಕದಿಂದ ಬಿಡುವ ಹಾಗಿಲ್ಲ.

ತೂಕ ನೀವೇ ತೂಗಿ

ಜಾಹೀರಾತಿನ ತೂಕ ಮೂರು ಬಗೆ. ಬಟ್ಟೆ ಮತ್ತು ಕಂಬ ಮಾತ್ರ, ಅದು ಕನಿಷ್ಠ ತೂಕ. ಗೂಟ ಹಗ್ಗ ಸೇರಿದರೆ ದಾರಿಯ ತೂಕ. ಚೀಲ, ದುರಸ್ತಿ ಸಾಮಾನು ಎಲ್ಲ ಸೇರಿದರೆ ಪೂರ್ತಿ ತೂಕ. ದೊಡ್ಡ ಅಕ್ಷರದಲ್ಲಿ ಬರೆಯುವುದು ಮೊದಲನೆಯದನ್ನು. ಎರಡು ಟೆಂಟ್ ಹೋಲಿಸುವಾಗ ಒಂದೇ ಬಗೆಯ ತೂಕ ಹೋಲಿಸಿ. ತಂದ ಮೇಲೆ ಅಡುಗೆಮನೆಯ ತಕ್ಕಡಿಯಲ್ಲೋ ಕಿರಾಣಿ ಅಂಗಡಿಯಲ್ಲೋ ಒಂದೊಂದು ಭಾಗ ಬೇರೆ ಬೇರೆ ತೂಗಿ ಬರೆದಿಡಿ. ನನ್ನ ಮೇಲ್ಪದರ ಎಷ್ಟು ಗ್ರಾಂ, ಒಳಪದರ ಎಷ್ಟು ಅಂತ ಗೊತ್ತಿರುವುದರಿಂದಲೇ ಫೆಬ್ರವರಿಯಲ್ಲಿ ಏನು ಬಿಟ್ಟು ಹೋಗಬಹುದು ಅಂತ ತಕ್ಷಣ ಹೇಳಬಲ್ಲೆ.

ರೊಕ್ಕ ಕಡಿಮೆ ಇದ್ದರೆ ಇನ್ನೊಂದು ದಾರಿ ಇದೆ. ಎರಡೂವರೆಗೆ ಮೂರು ಮೀಟರ್ ಅಳತೆಯ ಸಿಲಿಕೋನ್ ಲೇಪದ ಹೊದಿಕೆ ಒಂದು, ಅದರ ಕೆಳಗೆ ತಳ ಇರುವ ಜಾಲರಿ ಗೂಡು ಒಂದು. ಎರಡೂ ಬಿಡಿಬಿಡಿಯಾಗಿ ಸಿಗುತ್ತವೆ, ಸೇರಿ 700 ಗ್ರಾಂ ಆಸುಪಾಸು. ಕಟ್ಟುವುದನ್ನು ಕಲಿಯಬೇಕು ಅಷ್ಟೇ. ಗಾಳಿಯ ವಿಷಯದಲ್ಲಿ ಇದನ್ನು ಮೀರಿಸುವ ಟೆಂಟ್ ನಾನು ಕಂಡಿಲ್ಲ. ಎರಡು ಕೋಲು, ಒಂದು ಬೇವಿನ ಮರ ಇದ್ದರೆ ಹೊದಿಕೆ ಹಗಲು ನೆರಳಿಗೂ ಆಗುತ್ತದೆ.

ಮಾಳಿಗೆ ಮೇಲೆ ಎರಡು ರಾತ್ರಿ

ಟೆಂಟ್ ಬಂದ ದಿನ ಚೀಟಿ ಕೀಳಬೇಡಿ, ವಾಪಸ್ ಮಾಡುವ ದಿನ ಎಷ್ಟಿದೆ ಬರೆದಿಟ್ಟುಕೊಳ್ಳಿ.

ಮೊದಲ ರಾತ್ರಿ ಸೆಕೆಯ ಪರೀಕ್ಷೆ. ಗೂಟದ ಬದಲು ನೀರು ತುಂಬಿದ ಕೊಡ, ಇಟ್ಟಿಗೆ ಇಟ್ಟು ಕಟ್ಟಿ. ಮೇಲ್ಪದರ ತೆಗೆದು ಒಂದು ಗಂಟೆ ಮಲಗಿ. ಆಮೇಲೆ ಮೇಲ್ಪದರ ಪೂರ್ತಿ ಮುಚ್ಚಿ ಅರ್ಧ ಗಂಟೆ ಮಲಗಿ. ಎರಡನೆಯದು ಹಿತ ಅನಿಸುವುದಿಲ್ಲ, ಆದರೆ ಉಸಿರು ಕಟ್ಟಬಾರದು. ಜಾಲರಿಗೆ ಟಾರ್ಚ್ ಹಿಡಿದು ನೋಡಿ. ಸೊಳ್ಳೆ ತಡೆಯುವ ಜಾಲರಿಯೊಳಗೆ ನುಸಿ ತೂರಬಹುದು, ಸಣ್ಣ ಕಣ್ಣಿನದ್ದು ಬೇಕು. ಆದರೆ ಕಣ್ಣು ಸಣ್ಣದಾದಷ್ಟೂ ಗಾಳಿ ತಡೆಯುತ್ತದೆ. ಮುಖ ಹತ್ತಿರ ಹಿಡಿದು ಊದಿ, ಆಚೆ ಕಡೆ ಅಂಗೈಗೆ ಗಾಳಿ ತಾಗುತ್ತದಾ ನೋಡಿ.

ಅದೇ ರಾತ್ರಿ ಇನ್ನೊಂದು. ಮೇಲ್ಪದರವನ್ನು ತಲೆ ಕಡೆಗೆ ಸುರುಳಿ ಸುತ್ತಿಟ್ಟು, ದೀಪ ಆರಿಸಿ, ಮಲಗಿದಲ್ಲಿಂದ ಎದ್ದು ಅದನ್ನು ಹೊದಿಸಿ ನಾಲ್ಕು ಮೂಲೆ ಕಟ್ಟಿ ಒಳಗೆ ಬನ್ನಿ. ಮೊದಲ ಸಲ ನನಗೆ ಆರು ನಿಮಿಷ ಹಿಡಿಯಿತು. ಹತ್ತು ಸಲ ಮಾಡಿದ ಮೇಲೆ ಒಂದೂವರೆ ನಿಮಿಷಕ್ಕೆ ಬಂತು. ಮಣ್ಣಿನ ವಾಸನೆ ಬಂದು ಮಳೆ ಬೀಳುವುದಕ್ಕೆ ಸಿಗುವುದು ಸರಿಸುಮಾರು ಅಷ್ಟೇ ಹೊತ್ತು.

ಎರಡನೇ ರಾತ್ರಿ ನೀರು. ಒಳಗೆ ಹಳೆ ಪೇಪರ್ ಹಾಸಿ, ಪೈಪ್‌ನಿಂದ ಹತ್ತು ನಿಮಿಷ ಮೇಲಿಂದ, ಐದು ನಿಮಿಷ ಓರೆಯಾಗಿ ನೀರು ಬಿಡಿ. ನಮ್ಮ ಅಡ್ಡಮಳೆ ಬೀಳುವುದೇ ಓರೆಯಾಗಿ. ಪೇಪರ್ ಎಲ್ಲಿ ಒದ್ದೆಯಾಯಿತೋ ಅಲ್ಲಿನ ಹೊಲಿಗೆ ಸೋರುತ್ತಿದೆ ಅಂತ ಅರ್ಥ, ಬಳಪದಲ್ಲಿ ಗುರುತು ಹಾಕಿ.

ಇಟ್ಟುಕೊಳ್ಳುವುದು

ನಮ್ಮ ಊರಲ್ಲಿ ಟೆಂಟ್ ಹಾಳಾಗುವುದು ಕಾಡಿಗಿಂತ ಮನೆಯಲ್ಲೇ ಜಾಸ್ತಿ. ತಗಡಿನ ಶೀಟ್ ಕೆಳಗಿನ ಅಟ್ಟ, ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿ, ಎರಡೂ ಬೇಡ. ಪಾಲಿಯುರೆಥೇನ್ ಲೇಪ ಇರುವ ಬಟ್ಟೆ ತೇವ, ಶಾಖ ಎರಡೂ ಸೇರಿದರೆ ಅಂಟಂಟಾಗಿ ನಾರಲು ಶುರುವಾಗುತ್ತದೆ. ಅದಕ್ಕೆ ಮದ್ದಿಲ್ಲ. ಬಂದ ದಿನವೇ ಬರೀ ನೀರಲ್ಲಿ ಎರೆ ಮಣ್ಣು ತೊಳೆಯಿರಿ, ಸೋಪಿನ ಪುಡಿ ಬೇಡ. ನೆರಳಲ್ಲಿ ಒಣಗಿಸಿ. ಜಿಪ್ ಹಲ್ಲಿಗೆ ಕೂತ ಧೂಳನ್ನು ಹಳೆ ಹಲ್ಲುಜ್ಜುವ ಬ್ರಷ್‌ನಿಂದ ತೆಗೆಯಿರಿ, ಹಗುರ ಟೆಂಟ್‌ಗಳಲ್ಲಿ ಮೊದಲು ಸೋಲುವುದು ಜಿಪ್ಪೇ. ಸಡಿಲವಾಗಿ ಹತ್ತಿ ಚೀಲದಲ್ಲಿ ತುಂಬಿ ಮನೆಯ ತಂಪು ಕೋಣೆಯಲ್ಲಿ ಇಡಿ. ಇಲಿ ಕಾಟ ಇದ್ದರೆ ಸ್ಟೀಲ್ ಡಬ್ಬಿಯಲ್ಲಿ. ನನ್ನದು ಅವ್ವನ ಕೌದಿಗಳ ಟ್ರಂಕಿನಲ್ಲಿದೆ, ಎರಡು ಬೇವಿನ ಎಲೆ ಕಟ್ಟಿನ ನಡುವೆ.